ಬೆಂಚು ಕಾದವರು

ಆಟಕ್ಕೆ ಇನ್ನೂ ಎರಡು ಗಂಟೆ ಇರುವಾಗಲೇ ಮುದುಕ ಬಂದು ಕೂತಿದ್ದ. ಏಳನೆಯ ಸಾಲು, ಮೆಟ್ಟಿಲ ಪಕ್ಕದ ಕುರ್ಚಿ, ತೊಡೆಯ ಮೇಲೆ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ, ಜೊತೆಗೊಂದು ಸುಟ್ಟ ಬಾಳೆಹಣ್ಣು. ಅತ್ತ ನೋಡಲೇಬಾರದು ಎಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಬಂದಿದ್ದ ಅಬೆಲಾರ್ಡೊ ಸಪಾಲೊ ಬಾಗಿಲೊಳಗೆ ಕಾಲಿಡುತ್ತಲೇ ನೋಡಿದ್ದು ಅತ್ತಲೇ. ಎಸ್ಟ್ರೆಲಾ ಕ್ಲಬ್ಬಿಗೆ ಅವನು ಕೋಚ್ ಆಗಿ ಇದು ಎರಡನೆಯ ವರ್ಷ. ಈ ಎರಡು ವರ್ಷದಲ್ಲಿ ಮುದುಕ ಒಂದು ಆಟವನ್ನಾಗಲಿ ಒಂದು ದಿನದ ಅಭ್ಯಾಸವನ್ನಾಗಲಿ ತಪ್ಪಿಸಿರಲಿಲ್ಲ. ಬರುತ್ತಾನೆ, ಕೂರುತ್ತಾನೆ, ಸಿಪ್ಪೆ ಸುಲಿದು ಜೇಬಿಗೆ ಹಾಕಿಕೊಳ್ಳುತ್ತಾನೆ, ಎದ್ದು ಹೋಗುತ್ತಾನೆ. ಒಂದು ಮಾತಿಲ್ಲ. ನನ್ನ ಮೊಮ್ಮಗನನ್ನು ಯಾಕೆ ಆಡಿಸುವುದಿಲ್ಲ ಎಂದು ಕೇಳುವುದಿಲ್ಲ. ಕೇಳಲಿ ಎಂದೇ ಅಬೆಲಾರ್ಡೊ ಕಾಯುತ್ತಿದ್ದ. ಆ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದು, ಜನರ ಎದುರಿಗೆ, ಕೈ ಚಾಚಿ ಕೇಳಲಿ. ಆಗ ಏನು ಹೇಳಬೇಕೆನ್ನುವುದನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದನೆಂದರೆ ಆ ಮಾತು ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಸವೆದು ನುಣ್ಣಗಾಗಿತ್ತು. ತಾಳಿ ಮೆಸ್ತ್ರೆ, ಅವನ ಕಾಲವೂ ಬರುತ್ತೆ.

ಅದು ಮುದುಕನದೇ ಮಾತು. ಜೆರೊನಿಮೊ ಮುಹೊಂಗೊ ಎಂಬ ಅವನ ಹೆಸರನ್ನು ಲುವಾಂಡ ನಗರದಲ್ಲಿ ಯಾರೂ ಬಳಸುವುದಿಲ್ಲ. ಬಾಸ್ಕೆಟ್‌ಬಾಲ್ ಮುಟ್ಟಿದ ಪ್ರತಿಯೊಬ್ಬನಿಗೂ ಅವನು ಮೆಸ್ತ್ರೆ, ಗುರು. ಅವನ ಕೈಯಲ್ಲಿ ಈ ಕ್ಲಬ್ಬು ಆರು ವರ್ಷದಲ್ಲಿ ಐದು ಸಲ ಕಪ್ಪು ಗೆದ್ದಿತ್ತು. ಆ ಐದು ಫೋಟೋಗಳು ಇವತ್ತಿಗೂ ಮೊಗಸಾಲೆಯ ಗೋಡೆಯ ಮೇಲಿವೆ. ಐದರಲ್ಲೂ ಹಿಂದಿನ ಸಾಲಿನ ತುದಿಯಲ್ಲಿ, ಒಂದು ಹನಿ ಬೆವರು ಕಾಣದ ಅಂಗಿಯಲ್ಲಿ, ಯಾರದೋ ಮದುವೆಗೆ ಬಂದವನಂತೆ ನಿಂತಿರುವ ಸಣಕಲ ಅಬೆಲಾರ್ಡೊ. ಹದಿನೆಂಟಕ್ಕೆ ಬಂದವನು ಇಪ್ಪತ್ತನಾಲ್ಕರ ತನಕ ಬೆಂಚು ಕಾದ. ತಾಳು ಮಗಾ, ನಿನ್ನ ಕಾಲವೂ ಬರುತ್ತೆ. ಗೆಲ್ಲುತ್ತಿರುವ ತಂಡವನ್ನು ಯಾರು ಮುಟ್ಟುತ್ತಾರೆ? ದೂರುವ ಹಾಗೂ ಇರಲಿಲ್ಲ. ಯುದ್ಧದ ಕಾಲ, ಸೈನ್ಯದ ಲಾರಿ ಬೀದಿಯ ತುದಿಯಲ್ಲಿ ಬಂದು ನಿಂತರೆ ಮೀಸೆ ಚಿಗುರಿದವರನ್ನೆಲ್ಲ ಇದ್ದ ಬಟ್ಟೆಯಲ್ಲೇ ಹತ್ತಿಸಿಕೊಂಡು ಹೋಗುತ್ತಿದ್ದರು. ತಂಡದ ಕಾರ್ಡು ತೋರಿಸಿದವನನ್ನು ಮಾತ್ರ ಬಿಡುತ್ತಿದ್ದರು. ಮೆಸ್ತ್ರೆಯ ಪಟ್ಟಿಯಲ್ಲಿ ಹನ್ನೆರಡು ಹೆಸರು, ಹನ್ನೆರಡನೆಯದು ಸಪಾಲೊ. ಕಾರ್ಡಿಲ್ಲದ ಅಣ್ಣ ಹೋದ, ಬರಲಿಲ್ಲ. ಮೀನು ಮಾರುತ್ತಿದ್ದ ಅಮ್ಮ ಪ್ರತಿ ಶನಿವಾರ ಮೆಸ್ತ್ರೆಯ ಮನೆಗೆ ಒಣಮೀನಿನ ಕಟ್ಟು ಕಳಿಸುತ್ತಿದ್ದಳು. ಅದನ್ನು ಹೊತ್ತುಕೊಂಡು ಹೋಗುತ್ತಿದ್ದವನೂ ಅವನೇ. ಜೀವ ಉಳಿಸಿದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಹೇಗೋ ಏನೋ, ಸಿಟ್ಟು ಬಂದಿತ್ತು, ಮೂವತ್ತು ವರ್ಷವಾದರೂ ಹೋಗಿರಲಿಲ್ಲ. ಉಳಿಸಿದ ಜೀವವನ್ನು ಮರದ ಬೆಂಚಿನ ಮೇಲೆ ಇಟ್ಟು ಒಣಗಿಸಿದವನಿಗೆ ಯಾವ ಬಾಯಲ್ಲಿ ನಮಸ್ಕಾರ ಹೇಳಬೇಕಿತ್ತೋ ಅವನಿಗೆ ತಿಳಿಯದು.

ಮೊಗಸಾಲೆಯಲ್ಲಿ ಕ್ಲಬ್ಬಿನ ಅಧ್ಯಕ್ಷೆ ದೋನಾ ಅರ್ಮಿಂಡ ಅಡ್ಡ ನಿಂತಿದ್ದಳು. ಪಕ್ಕದಲ್ಲಿ ಲಿನನ್ ಅಂಗಿಯ, ಕೆಂಪಗೆ ಬೆಂದ ಮೂಗಿನ ಒಬ್ಬ ಬಿಳಿಯ. ಸ್ಪೇನಿನ ಯಾವುದೋ ಕ್ಲಬ್ಬಿಗೆ ಆಟಗಾರರನ್ನು ಹುಡುಕಿಕೊಡುವವನು. ಅವನನ್ನು ತಂಪು ಪಾನೀಯದ ಕಡೆಗೆ ಸಾಗಹಾಕಿ ಅವಳು ದನಿ ತಗ್ಗಿಸಿದಳು.

"ಮಿಸ್ಟರ್ ಸಪಾಲೊ, ಕಪ್ಪು ಬೇಕು. ಒಂಬತ್ತು ವರ್ಷ ಆಯ್ತು ನಾವು ಗೆದ್ದು. ಹಾಗಂತ ಹುಡುಗನ್ನ ಕೂರಿಸಿ ಕೊಳೆಸ್ಬೇಡಿ. ಈ ಮನುಷ್ಯ ಅಷ್ಟು ದೂರದಿಂದ ಬಂದಿರೋದು ಕ್ವಿಂಟಾಸ್‌ನ ಮೂವತ್ತೇಳು ವರ್ಷದ ಮಂಡಿ ನೋಡೋಕಲ್ಲ. ನಾಳೆ ಬೆಳಿಗ್ಗೆ ವಿಮಾನ ಅವನಿಗೆ."

"ಎರಡೂ ಒಟ್ಟಿಗೆ ಆಗಲ್ಲ ದೋನಾ ಅರ್ಮಿಂಡ. ಗೆಲ್ಲೋದು ಬೇರೆ, ಬೆಳೆಸೋದು ಬೇರೆ."

"ಎರಡೂ ಒಟ್ಟಿಗೆ ಮಾಡ್ಲಿ ಅಂತಾನೇ ನಿಮ್ಮನ್ನ ಇಟ್ಕೊಂಡಿರೋದು. ಒಂದೇ ಮಾಡೋರು ಬೀದಿಗೊಬ್ರು ಸಿಗ್ತಾರೆ."

"ಆಗ್ಲಿ," ಎಂದ. ಹೇಳುವಾಗ ತಲೆಯನ್ನೂ ಬಗ್ಗಿಸಿದ. ಬಗ್ಗಿಸಿದ ತಲೆಯೊಳಗೆ ನಗು ಬರುತ್ತಿತ್ತು. ಈ ಹೆಂಗಸು ತನಗೆ ಗೊತ್ತಿಲ್ಲದೆಯೇ ಅವನ ಕೈಗೆ ಒಳ್ಳೆಯ ಆಯುಧ ಕೊಟ್ಟಿದ್ದಳು. ವರ್ಷಪೂರ್ತಿ ಯಾರು ಕೇಳಿದರೂ ಅವನು ಹೇಳುತ್ತಿದ್ದುದು ಒಂದೇ: ಗೆಲ್ಲಬೇಕಲ್ಲ? ಪತ್ರಿಕೆಯವರು ಕೇಳಿದರೂ ಅದೇ, ಟೀವಿಯವರು ಕೇಳಿದರೂ ಅದೇ. ಹತ್ತೊಂಬತ್ತರ ಹುಡುಗನನ್ನು ಇಳಿಸಿ ಆಟ ಕಳೆದುಕೊಳ್ಳಲೇ? ಎಲ್ಲರೂ ತಲೆಯಾಡಿಸುತ್ತಿದ್ದರು. ಸೇಡು ತೀರಿಸಿಕೊಳ್ಳಲು ಇಷ್ಟು ಮರ್ಯಾದೆಯ ದಾರಿ ಬೇರೆ ಯಾವ ಕೆಲಸದಲ್ಲಿದೆ? ತಂಡ ಗೆಲ್ಲುತ್ತಲೇ ಇತ್ತು, ನೆಲ್ಮಾರ್ ಮುಹೊಂಗೊ ಕೂತೇ ಇದ್ದ, ಅವನ ಅಜ್ಜ ಏಳನೆಯ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಲೇ ಇದ್ದ. ಆದರೂ ಒಂದೊಂದು ದಿನ ಮಲಗುವ ಮುಂಚೆ ಅವನಿಗೆ ಅನುಮಾನ ಬರುತ್ತಿತ್ತು. ಮೆಸ್ತ್ರೆಯೂ ಹೀಗೇ, ಇನ್ನಾರ ಮೇಲಿನದೋ ಸೇಡನ್ನು ಗೆಲುವಿನ ಹೆಸರಿನಲ್ಲಿ ನನ್ನ ಮೇಲೆ ತೀರಿಸಿಕೊಂಡನೇ? ಆ ಯೋಚನೆ ಬಂದಾಗೆಲ್ಲ ಮಗ್ಗುಲು ಬದಲಾಯಿಸುತ್ತಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾಯಕ ಕ್ವಿಂಟಾಸ್ ಬೆಂಚಿನ ಮೇಲೆ ಕಾಲು ಚಾಚಿ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ದೊಡ್ಡ ದೇಹ, ಬೋಳು ತಲೆ, ಮೂರು ಮಕ್ಕಳ ತಂದೆ. ಆಟಗಾರರೆಲ್ಲ ಮಿಸ್ಟರ್ ಎಂದು ಕರೆಯುವ ಕೋಚ್‌ಗೆ ತಂಡದಲ್ಲಿ ಎದುರು ಮಾತಾಡುವವನು ಅವನೊಬ್ಬನೇ.

"ಮಿಸ್ಟರ್, ಬನ್ನಿ ಇಲ್ಲಿ, ಕಿವಿ ಇಟ್ಟು ಕೇಳಿ. ಎಣ್ಣೆ ಕಾಣದ ಬಾಗಿಲ ಥರ ಸದ್ದು ಮಾಡ್ತಿದೆ."

"ಇವತ್ತೊಂದು ದಿನ ತಡ್ಕೊ."

"ತಡ್ಕೋತೀನಿ ಬಿಡಿ, ನಂದೇನು. ಮೊದಲರ್ಧದಲ್ಲಿ ಹುಡುಗನಿಗೊಂದು ಐದು ನಿಮಿಷ ಕೊಡಿ. ಮೈ ಬಿಸಿ ಆಗ್ಲಿ. ನಾನೂ ಒಂದ್ ಲೋಟ ನೀರು ಕುಡೀತೀನಿ." ಆಮೇಲೆ ದನಿ ಎತ್ತಿ, ಮೂಲೆಯಲ್ಲಿ ಬೂಟಿನ ದಾರ ಕಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ ನೆಲ್ಮಾರ್‌ಗೆ, "ಏನೋ ಮರಿ, ಆಡ್ತೀಯೋ, ಇಲ್ಲಾ ಮದುವೆ ಗಂಡಿನ ಹಾಗೆ ಕೂತೇ ಇರ್ತೀಯೋ?"

"ಮಿಸ್ಟರ್ ಹೇಳಿದ ಹಾಗೆ, ಅಣ್ಣ," ಎಂದ ನೆಲ್ಮಾರ್. ಎಲ್ಲರೂ ನಕ್ಕರು. ಅವನೂ ನಕ್ಕ. ಆ ವಿನಯವೇ ಅಬೆಲಾರ್ಡೊಗೆ ಸಹಿಸಲಾಗದ್ದು. ಈ ಹುಡುಗ ಒಮ್ಮೆಯಾದರೂ ಮುಖ ಸಿಂಡರಿಸಿದ್ದರೆ, ಬಾಗಿಲು ದಡಾರನೆ ಎಳೆದುಕೊಂಡು ಹೋಗಿದ್ದರೆ, ಬೈದು ಹಗುರಾಗಬಹುದಿತ್ತು. ಅದೂ ಇಲ್ಲ.

ಹುಡುಗ ಕೆಟ್ಟ ಆಟಗಾರನಾಗಿದ್ದರೂ ಸುಲಭವಿತ್ತು. ಅವನು ಬಂದ ಮೂರನೆಯ ವಾರ, ಬೆಳಗಿನ ಅಭ್ಯಾಸದಲ್ಲಿ, ಇಬ್ಬರ ನಡುವೆ ಸಿಕ್ಕಿಕೊಂಡವನು ಚೆಂಡನ್ನು ನೆಲಕ್ಕೆ ಬಡಿದು, ಬಡಿದ ಚೆಂಡು ಮೇಲೇಳುವ ಮೊದಲೇ ದೇಹವನ್ನು ಬೇರೆಲ್ಲಿಗೋ ಒಯ್ದು, ಯಾರೂ ನೋಡದ ಕಡೆಯಲ್ಲಿ ನಿಂತಿದ್ದ ಜೊತೆಯ ಆಟಗಾರ ಲಿಟೊನ ಕೈಗೆ ಅದನ್ನು ತಲುಪಿಸಿದ್ದ. ಅಬೆಲಾರ್ಡೊನ ಮೈಯ ಕೂದಲು ನಿಮಿರಿ ನಿಂತಿತ್ತು. ಕೂಗಬೇಕೆನಿಸಿತ್ತು, ಓಡಿಹೋಗಿ ಆ ಹುಡುಗನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆನಿಸಿತ್ತು. ಮೂವತ್ತು ವರ್ಷ ಕಾದರೆ ಕೋಚ್ ಒಬ್ಬನಿಗೆ ಇಂಥ ಕೈ ಒಂದು ಸಿಗುತ್ತದೆ, ಕೆಲವರಿಗೆ ಅದೂ ಇಲ್ಲ. ತಲೆಯೆತ್ತಿದರೆ ಏಳನೆಯ ಸಾಲಿನಲ್ಲಿ ಮುದುಕ ಮುಗುಳ್ನಗುತ್ತಿದ್ದ. ಅಷ್ಟೇ ಸಾಕಾಯಿತು. "ಕಾಲು ಗೆರೆ ತುಳೀತು. ಹೊರಗೆ ನಡಿ," ಎಂದಿದ್ದ ಅಬೆಲಾರ್ಡೊ. ಕಾಲು ಗೆರೆ ತುಳಿದಿರಲಿಲ್ಲ. ಅವತ್ತು ಮಧ್ಯಾಹ್ನ ಹೆಂಡತಿ ಬಡಿಸಿದ ಫುಂಜಿ ಮುದ್ದೆಯನ್ನು ಹಾಗೇ ಬದಿಗೆ ಸರಿಸಿದ. ಜ್ವರ ಬಂದಿದೆಯೇ ಎಂದು ಅವಳು ಹಣೆ ಮುಟ್ಟಿ ನೋಡಿದಾಗ, ಹೌದು ಎಂದುಬಿಟ್ಟ.

ಹೊರಗೆ ನಡಿ ಎನ್ನುವುದು ಅವನ ಪದ್ಧತಿ. ತಪ್ಪು ಮಾಡಿದವನು ಆ ಕ್ಷಣವೇ ಹೊರಗೆ. ಮೊದಮೊದಲು ಕೂಗುತ್ತಿದ್ದ, ಆಮೇಲೆ ಒಂದು ಬೆರಳು ಎತ್ತಿದರೆ ಸಾಕಾಯಿತು, ಈ ವರ್ಷವಂತೂ ಬೆರಳೂ ಬೇಕಿರಲಿಲ್ಲ. ಹೊಸ ಹುಡುಗರು ಚೆಂಡು ಬಿಟ್ಟ ಕೂಡಲೇ ತಾವಾಗಿಯೇ ತಲೆ ತಗ್ಗಿಸಿ ಗೆರೆಯಾಚೆ ನಡೆದು ಗೋಡೆಗೊರಗಿ ಕೂರುತ್ತಿದ್ದರು, ನೆಲ್ಮಾರ್ ಎಲ್ಲರಿಗಿಂತ ಬೇಗ. ಬೇರೆ ಕ್ಲಬ್ಬುಗಳ ಕೋಚ್‌ಗಳು ನೋಡಲು ಬಂದು, ಎಂಥ ಶಿಸ್ತು ಎಂದು ತಲೆದೂಗಿ ಹೋಗಿದ್ದರು. ಹಳಬರು ಈ ನಿಯಮಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ. ಕ್ವಿಂಟಾಸ್ ಚೆಂಡು ಬಿಟ್ಟರೆ ತನ್ನನ್ನೇ ಬೈದುಕೊಂಡು ಆಡುತ್ತಲೇ ಇರುತ್ತಿದ್ದ. ಹಳಬರನ್ನು ಹೊರಗೆ ಹಾಕಿದರೆ ಗೆಲ್ಲುವವರು ಯಾರು?

ನಾಲ್ಕು ಗಂಟೆಗೆ ಆಟ ಶುರುವಾಯಿತು. ಜೂನ್ ತಿಂಗಳ ಬೂದು ಬೆಳಕು ಮೇಲಿನ ಗಾಜುಗಳಿಂದ ಇಳಿಯುತ್ತಿತ್ತು, ತಮಟೆ ತಂದಿದ್ದವರು ಮೊದಲ ನಿಮಿಷದಿಂದಲೇ ಬಡಿಯುತ್ತಿದ್ದರು. ಎದುರಿನ ತಂಡ ಬೆಂಗೇಲದ್ದು. ಐದು ಆಟಗಳ ಫೈನಲ್ಲಿನಲ್ಲಿ ಇಬ್ಬರೂ ಎರಡೆರಡು ಗೆದ್ದು ಇವತ್ತು ಕೊನೆಯದು. ಮೊದಲ ಕ್ವಾರ್ಟರ್ ಮುಗಿಯಿತು, ಹುಡುಗ ಕೂತಿದ್ದ. ಎರಡನೆಯದೂ ಮುಗಿಯಿತು, ಕೂತಿದ್ದ. ಉಳಿದವರ ಹಾಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡಿರಲಿಲ್ಲ, ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಕೈ ತಣ್ಣಗಾಗದಿರಲಿ ಅಂತ. ಆ ಉಪಾಯವನ್ನು ಯಾರೂ ಹೇಳಿಕೊಡುವುದಿಲ್ಲ, ಬೆಂಚು ತಾನೇ ಕಲಿಸುತ್ತದೆ. ಆರು ವರ್ಷ ಅಬೆಲಾರ್ಡೊ ಹಾಗೇ ಕೂತಿದ್ದ. ಕಣ್ಣು ಬೇರೆಡೆ ತಿರುಗಿಸಿದ. ಅಧ್ಯಕ್ಷೆ ಎರಡು ಸಲ ಕೈಬೆರಳಿನಿಂದ ಗಡಿಯಾರ ತಟ್ಟಿ ತೋರಿಸಿದಳು, ಅವನು ಎರಡು ಸಲವೂ ಅಂಕಗಳ ಫಲಕ ತೋರಿಸಿದ. ಅಂತರ ಮೂರು, ಅಂತರ ಎರಡು, ಸಮ. ಈ ಹೊತ್ತಿನಲ್ಲಿ ಯಾರನ್ನು ಬೆಳೆಸಲಿ ತಾಯಿ?

ಅಬೆಲಾರ್ಡೊನ ಕಾಲ ಬಂದದ್ದು ಮೂವತ್ತು ವರ್ಷದ ಹಿಂದೆ, ಇಂಥದೇ ಒಂದು ಫೈನಲ್ಲಿನಲ್ಲಿ. ಇಬ್ಬರು ಜ್ವರ ಹಿಡಿದು ಬಂದೇ ಇರಲಿಲ್ಲ, ನಾಲ್ವರು ಐದೈದು ಫೌಲು ಮಾಡಿ ಹೊರಗೆ ಬಿದ್ದಿದ್ದರು, ಒಬ್ಬನ ಕಣಕಾಲು ತಿರುಚಿತ್ತು, ನಲವತ್ತು ಸೆಕೆಂಡು ಉಳಿದಿತ್ತು, ಒಂದು ಅಂಕದ ಮುನ್ನಡೆ. ಸಪಾಲೊ, ಎದ್ದೇಳು. ಎರಡು ಗಂಟೆ ಕೂತು ಮರಗಟ್ಟಿದ್ದ ಕಾಲಿನಲ್ಲಿ ಎದ್ದ. ಎದ್ದಾಗ ಆದ ಆ ಸಂತೋಷ, ದೇವರೇ, ಅಮ್ಮ ನೋಡುತ್ತಿದ್ದಾಳೆ ಎಂಬ ಆ ಹುಚ್ಚು ಸಂತೋಷವನ್ನು ಅವನು ಇವತ್ತಿಗೂ ಕ್ಷಮಿಸಿಕೊಂಡಿರಲಿಲ್ಲ. ಚೆಂಡು ಬಂತು, ಕೈಯಲ್ಲಿ ನಿಲ್ಲಲಿಲ್ಲ, ಜಾರಿ ಗೆರೆಯಾಚೆ ಹೋಯಿತು. ಅಷ್ಟೇ. ತಿರುಗಿ ನೋಡಿದರೆ ಮೆಸ್ತ್ರೆ ಆಗಲೇ ಕುಂಟುತ್ತಿದ್ದವನನ್ನು ಎಬ್ಬಿಸಿ ಕಳಿಸುತ್ತಿದ್ದ. ಸೋತರು. ಮಾರನೆಯ ದಿನ ಪತ್ರಿಕೆಯಲ್ಲಿ ಮೆಸ್ತ್ರೆಯ ಮಾತು: ಸಪಾಲೊ ಇನ್ನೂ ಪಕ್ವವಾಗಿಲ್ಲ. ಆರು ವರ್ಷ ಮುಚ್ಚಿಟ್ಟ ಹಣ್ಣು ಪಕ್ವವಾಗಿಲ್ಲವಂತೆ! ಮುಂದಿನ ವಾರದಿಂದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಊರಿನ ಬಾಯಲ್ಲಿ ಮಾತ್ರ ಹೆಸರು ಉಳಿಯಿತು: ಸಾಬೂನು. ಕೈಗೆ ಸಿಕ್ಕಿದ್ದು ಜಾರುತ್ತಲ್ಲ, ಅದಕ್ಕೆ. ಇವತ್ತು ಗೇಟಿನ ಹೊರಗೆ ಬಾಳೆಹಣ್ಣು ಸುಡುತ್ತಿದ್ದ ಹೆಂಗಸು ಕೂಡ, ಆಗ ಹುಟ್ಟಿದ್ದಳೋ ಇಲ್ಲವೋ, "ಮಿಸ್ಟರ್ ಸಾಬೂನು, ಇವತ್ತಾದ್ರೂ ಕಪ್ಪು ಗಟ್ಟಿಯಾಗಿ ಹಿಡ್ಕೊಳಪ್ಪ!" ಎಂದು ಪ್ರೀತಿಯಿಂದಲೇ ಕೂಗಿದ್ದಳು. ಅವನು ಕೈ ಬೀಸಿ ನಕ್ಕಿದ್ದ. ಮೂವತ್ತು ವರ್ಷ ಹೀಗೆ ಕೈ ಬೀಸಿ ನಕ್ಕವನ ತೋಳು ನೋಯುವುದಿಲ್ಲವೇ?

ಕೊನೆಯ ಕ್ವಾರ್ಟರ್‌ನಲ್ಲಿ ಕ್ವಿಂಟಾಸ್ ಅಕ್ಷರಶಃ ಒಂದು ಕಾಲಿನಲ್ಲಿ ಆಡಿದ. ಎಲ್ಲಿಂದ ಬಲ ಬಂತೋ, ಹತ್ತು ನಿಮಿಷದಲ್ಲಿ ಹನ್ನೊಂದು ಅಂಕ. ಐದು ಅಂಕದ ಮುನ್ನಡೆ, ಇಪ್ಪತ್ತಾರು ಸೆಕೆಂಡು ಬಾಕಿ. ಆಗ ಬೆಂಗೇಲದ ಅಮೆರಿಕನ್ ಆಟಗಾರ ನುಗ್ಗಿ ಬಂದ, ಕ್ವಿಂಟಾಸ್ ಅಡ್ಡ ಹೋದ, ಸೀಟಿ ಕೂಗಿತು. ಐದನೆಯ ಫೌಲು. ಕ್ವಿಂಟಾಸ್ ಹೊರಗೆ. ಅಮೆರಿಕನ್‌ನ ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ತಪ್ಪಿತು ಎಂದಾದರೆ, ಎರಡನೆಯದು ಬಿತ್ತು ಎಂದಾದರೆ, ಅಂತರ ನಾಲ್ಕು. ಎರಡೂ ಬಿದ್ದರೆ ಮೂರು. ಅಬೆಲಾರ್ಡೊ ಲೆಕ್ಕ ಹಾಕುತ್ತಿದ್ದ. ಬೆಂಚಿನಲ್ಲಿ ಬ್ರಾವ್ಲಿಯೊ ಇದ್ದ. ಮೂವತ್ಮೂರು ವರ್ಷದ ನಿಧಾನಸ್ಥ, ಈಗಷ್ಟೇ ಹೊರಗೆ ಬಂದವನು, ಬೆವರು ಆರಿರಲಿಲ್ಲ, ಚೆಂಡನ್ನು ಅಪ್ಪಿ ಹಿಡಿದು ನಿಂತರೆ ಯಾರ ಅಪ್ಪನಿಗೂ ಬಿಡುವವನಲ್ಲ. ಬ್ರಾವ್ಲಿಯೊ ಆಗಲೇ ಟವೆಲ್ ಕೆಳಗಿಟ್ಟಿದ್ದ. ಅವನ ಪಕ್ಕ, ಅಂಗೈ ಮೇಲೆ ಕೂತ ಹುಡುಗ. ಎರಡು ಗಂಟೆ ಕೂತ ಕಾಲು, ತಣ್ಣನೆಯ ಕೈ, ಊರಿಗೆ ಊರೇ ನೋಡುತ್ತಿದೆ, ಸ್ಪೇನಿನವನು ನೋಡುತ್ತಿದ್ದಾನೆ, ಏಳನೆಯ ಸಾಲು ನೋಡುತ್ತಿದೆ. ಒಂದೇ ಒಂದು ತಪ್ಪು ಸಾಕು, ಹೆಚ್ಚೇನೂ ಬೇಡ. ನಾಲ್ಕು ಅಂಕದಲ್ಲಿ ಒಂದು ತಪ್ಪಿಗೆ ಎರಡು ಹೋದರೂ ಎರಡು ಉಳಿಯುತ್ತದೆ. ತಪ್ಪಾದ ಮರುಕ್ಷಣ ಬೆರಳು ಎತ್ತಿ ಎಳೆದುಕೊಂಡು ಬ್ರಾವ್ಲಿಯೊನನ್ನು ಇಳಿಸಿದರಾಯಿತು. ಗೆಲುವೂ ಉಳಿಯಬೇಕು, ಹುಡುಗನೂ ಬೀಳಬೇಕು. ಎರಡೂ ಒಟ್ಟಿಗೆ ಮಾಡಿ ಎಂದಳಲ್ಲ ದೋನಾ ಅರ್ಮಿಂಡ, ಇಗೋ.

"ನೆಲ್ಮಾರ್. ಏಳು."

ಹುಡುಗನ ಮುಖ ಅರಳಿತು. ಅದು ಅರಳುವುದನ್ನು ನೋಡಬಾರದಿತ್ತು, ನೋಡಿದ.

ಕ್ವಿಂಟಾಸ್ ಕುಂಟುತ್ತ ಬಂದು ತೋಳು ಹಿಡಿದ. "ಮಿಸ್ಟರ್, ಬ್ರಾವ್ಲಿಯೊ ಇದಾನಲ್ಲ."

"ವರ್ಷವೆಲ್ಲ ಹುಡುಗನ್ನ ಆಡ್ಸಿ ಆಡ್ಸಿ ಅಂತ ತಲೆ ತಿಂದೆಯಲ್ಲೋ."

"ಇವತ್ತಲ್ಲ ಮಿಸ್ಟರ್. ಹೀಗಲ್ಲ. ಮೈ ಮರಗಟ್ಟಿದೆ ಅವನಿಗೆ, ನೋಡಿ."

"ಹುಡುಗರನ್ನ ಬೆಳೆಸ್ಬೇಕಂತಪ್ಪ," ಎಂದು ತೋಳು ಕೊಡವಿಕೊಂಡು, ಅಂಕಣದತ್ತ ಕೂಗಿದ: "ಲಿಟೊ! ಚೆಂಡು ನೆಲ್ಮಾರ್‌ಗೆ ಕೊಡು. ಅವನೇ ತರ್ಲಿ!"

ಮೊದಲನೆಯ ಎಸೆತ ತಪ್ಪಿತು, ಎರಡನೆಯದು ಬಿತ್ತು. ಅಂತರ ನಾಲ್ಕು. ಜೀವನದಲ್ಲಿ ಎಂದೂ ಯಾವುದೂ ಅವನು ಅಂದುಕೊಂಡ ಹಾಗೆ ಆಗಿರಲಿಲ್ಲ, ಇವತ್ತು ಆಯಿತು. ಬುಟ್ಟಿಯ ಕೆಳಗಿನಿಂದ ಲಿಟೊ ಚೆಂಡು ಎಸೆದ, ನೆಲ್ಮಾರ್ ಹಿಡಿದ, ಬೆಂಗೇಲದ ಇಬ್ಬರು ಅವನನ್ನು ಮೂಲೆಗೆ ತಳ್ಳಿಕೊಂಡು ಹೋದರು. ಮೂರನೆಯ ವಾರದ ಆ ಬೆಳಿಗ್ಗೆ ಮಾಡಿದ್ದನ್ನೇ ಹುಡುಗ ಮಾಡಲು ಹೋದ. ದೇಹ ಹೋಗಬೇಕಾದ ಕಡೆಗೆ ಹೋಗಲಿಲ್ಲ, ಚೆಂಡು ಅವನ ಮಂಡಿಗೇ ಬಡಿದು ಹಾರಿತು, ಅಮೆರಿಕನ್ ಅದನ್ನು ಎತ್ತಿಕೊಂಡು ಎರಡು ಹೆಜ್ಜೆಯಲ್ಲಿ ಬುಟ್ಟಿಗೆ ಹಾಕಿದ. ಬಿತ್ತು! ಅಬೆಲಾರ್ಡೊನ ಒಳಗೆ ಏನೋ ದಡಬಡ ಎದ್ದು ಕುಣಿಯಿತು. ಅಂಕಣಕ್ಕೆ ಬೆನ್ನು ಹಾಕಿ ಅವನು ಏಳನೆಯ ಸಾಲಿನತ್ತ ತಿರುಗಿದ. ನೋಡು ಮುದುಕ, ನೋಡು. ಮುದುಕ ಎದ್ದು ನಿಂತಿದ್ದ, ಎರಡೂ ಕೈ ಬಾಯಿಯ ಮೇಲಿತ್ತು. ಚೆಂಡು ಹುಡುಗನ ಕೈತಪ್ಪಿದಾಗಿನಿಂದಲೂ ತಾನು ನಗುತ್ತಲೇ ಇದ್ದೇನೆ ಎನ್ನುವುದು ಅಬೆಲಾರ್ಡೊಗೆ ಕೆನ್ನೆಯ ಬಿಗಿತದಿಂದ ಗೊತ್ತಾಯಿತು. ಎರಡು ಸೆಕೆಂಡು ಇರಬಹುದು, ಮೂರಿರಬಹುದು.

ಮತ್ತೆ ಇತ್ತ ತಿರುಗಿದಾಗ ನೆಲ್ಮಾರ್ ಬೆಂಚಿನ ಕಡೆಗೆ ನಡೆದು ಬರುತ್ತಿದ್ದ. ತಲೆ ತಗ್ಗಿಸಿಕೊಂಡು, ಅಭ್ಯಾಸದಲ್ಲಿ ಬರುವ ಹಾಗೆಯೇ, ಅವಸರವಿಲ್ಲದೆ. ಯಾರೂ ಕರೆದಿರಲಿಲ್ಲ. ಬೆರಳು ಎತ್ತಲು ಅಬೆಲಾರ್ಡೊ ಮರೆತೇ ಬಿಟ್ಟಿದ್ದ. ಆಟ ನಡೆಯುತ್ತಲೇ ಇತ್ತು. ಅತ್ತ ಲಿಟೊ ಗೆರೆಯಾಚೆಯಿಂದ, ನೋಡುವ ಅಗತ್ಯವೇ ಇಲ್ಲವೆನ್ನುವಂತೆ, ಹುಡುಗ ನಿಂತಿರಬೇಕಾದ ಜಾಗಕ್ಕೆ ಚೆಂಡು ಎಸೆದ. ಆ ಜಾಗದಲ್ಲಿ ಯಾರೂ ಇರಲಿಲ್ಲ. ಚೆಂಡು ಒಂದು ಸಲ ಪುಟಿಯಿತು, ಎರಡು ಸಲ ಪುಟಿಯಿತು. ಬೆಂಗೇಲದ ಒಬ್ಬ ಗಿಡ್ಡ ಆಟಗಾರ ತನ್ನ ಅದೃಷ್ಟವನ್ನೇ ನಂಬದೆ ಅದನ್ನು ಎತ್ತಿಕೊಂಡು, ದೂರದ ಗೆರೆಯ ಹಿಂದೆ ಕಾಲು ಸರಿಮಾಡಿಕೊಂಡು ಎಸೆದ. ಮೂರು ಅಂಕ. ಒಂದು ಅಂಕದ ಹಿನ್ನಡೆ.

"ಒಳಗೆ ಹೋಗೋ! ಲೋ, ಒಳಗೆ!" ಕ್ವಿಂಟಾಸ್ ಎರಡೂ ಕೈಯಲ್ಲಿ ಹುಡುಗನನ್ನು ಅಂಕಣಕ್ಕೆ ನೂಕುತ್ತಿದ್ದ. "ಯಾಕೋ ಬಂದೆ?"

"ತಪ್ಪಾಯ್ತಲ್ಲ ಅಣ್ಣ," ಎಂದ ನೆಲ್ಮಾರ್. "ಅದಕ್ಕೆ ಹೊರಗೆ ಬಂದೆ."

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಒಂದು ಸಾಲು, ಆಮೇಲೆ ಇಡೀ ಕ್ರೀಡಾಂಗಣ. ತಮಟೆಯವರೂ ಬಡಿಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಆಟದ ನಡುವೆ ಅಂಕಣ ಬಿಟ್ಟು ನಡೆದು ಬಂದ ಆಟಗಾರನನ್ನು ಈ ಊರು ಕಂಡಿರಲಿಲ್ಲ. ಜನ ಬೈದಿದ್ದರೆ ಅಬೆಲಾರ್ಡೊ ಸಹಿಸಬಹುದಿತ್ತು. ಉಳಿದ ಸೆಕೆಂಡುಗಳಲ್ಲಿ ಲಿಟೊ ಓಡಿಹೋಗಿ ಎಸೆದ ಚೆಂಡು ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು, ಗಂಟೆ ಹೊಡೆಯಿತು, ಬೆಂಗೇಲದವರು ಒಬ್ಬರ ಮೇಲೆ ಒಬ್ಬರು ಬಿದ್ದರು.

ದೋನಾ ಅರ್ಮಿಂಡ ಕೆಳಗಿಳಿದು ಬಂದಳು. ಸ್ಪೇನಿನವನು ಅವಳ ಹಿಂದೆ ಇರಲಿಲ್ಲ. "ಎರಡೂ ಮಾಡಿ ಅಂದಿದ್ದೆ," ಎಂದಳು, ಕೂಗದೆ. "ಎರಡೂ ಕಳೆದ್ರಿ. ಸೋಮವಾರ ಆಫೀಸಿಗೆ ಬನ್ನಿ." ಅವಳ ಮಾತು ಅವನ ಕಿವಿಗೆ ಬಿದ್ದಿತೇ ಹೊರತು ಒಳಗೆ ಹೋಗಲಿಲ್ಲ. ಮುದುಕ ಮೆಟ್ಟಿಲಿಳಿಯುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ಕಂಬಿ ಹಿಡಿದು, ಜನ ಮೆಸ್ತ್ರೆ, ಮೆಸ್ತ್ರೆ ಎಂದು ದಾರಿ ಬಿಟ್ಟುಕೊಡುತ್ತಿದ್ದರು. ಮೂವತ್ತು ವರ್ಷ ಕಾದದ್ದು ಇದಕ್ಕೇ. ಬೈಯಲಿ, ಅಳಲಿ, ಕೊರಳಪಟ್ಟಿ ಹಿಡಿಯಲಿ. ಅಬೆಲಾರ್ಡೊ ಬೆನ್ನು ನೆಟ್ಟಗೆ ಮಾಡಿಕೊಂಡ. ಆ ನುಣ್ಣನೆಯ ಮಾತು ನಾಲಿಗೆಯ ತುದಿಯಲ್ಲಿತ್ತು.

ಮುದುಕ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಮಗಾ," ಎಂದ. "ಬ್ರಾವ್ಲಿಯೊ ಕೂತಿದ್ದ. ನಾನು ನೋಡ್ತಾ ಇದ್ದೆ. ಅವನನ್ನ ಇಳಿಸಿದ್ರೆ ಕಪ್ಪು ನಿಂದೇ ಆಗಿತ್ತು. ನೀನು ಹುಡುಗನ್ನ ಇಳಿಸಿದೆ."

"ಮೆಸ್ತ್ರೆ..."

"ನನಗೆ ಆ ಎದೆ ಇರ್ಲಿಲ್ಲ ಕಣೋ. ನಿನ್ನ ನಾನು ಇಳಿಸಿದ್ದು ಬೇರೆ ಯಾರೂ ಉಳಿದಿರ್ಲಿಲ್ಲ ಅಂತ. ಇಳಿಸಿ, ಒಂದು ಚೆಂಡು ಜಾರಿದ್ದಕ್ಕೆ ಎಳ್ಕೊಂಡೆ. ಮಾರನೇ ದಿನ ಪತ್ರಿಕೆಯವರ ಮುಂದೆ ನಿನ್ನ ಹೆಸರು ಹೇಳಿ ಕೈ ತೊಳ್ಕೊಂಡೆ. ಲಾರಿಯಿಂದ ಉಳಿಸ್ದೆ, ಲಾರಿಯಿಂದ ಉಳಿಸ್ದೆ ಅಂತ ನನಗೆ ನಾನೇ ಹೇಳ್ಕೊಂಡು ಇಷ್ಟು ವರ್ಷ ನಿದ್ದೆ ಮಾಡಿದೀನಿ. ಸುಳ್ಳು. ಕಪ್ಪಿನ ಆಸೆ ನಂದು. ನಿನ್ನ ಆರು ವರ್ಷ ತಿಂದೆ." ಹಿಡಿದ ಕೈಗಳನ್ನು ಹತ್ತಿರಕ್ಕೆ ಎಳೆದುಕೊಂಡ. "ದಿನಾ ಬಂದು ಕೂರ್ತಿದ್ದೆ. ಇವತ್ತು ಹೇಳ್ಬೇಕು, ನಾಳೆ ಹೇಳ್ಬೇಕು ಅಂತ. ಮೆಟ್ಟಿಲು ಇಳಿಯೋಕೆ ಮುಖ ಇರ್ಲಿಲ್ಲ. ತಪ್ಪಾಯ್ತು ಮಗಾ. ಕ್ಷಮಿಸು."

ಸುತ್ತ ಜನ ನಿಂತಿದ್ದರು. ಪತ್ರಿಕೆಯವನೊಬ್ಬ ಫೋನು ಎತ್ತಿ ಹಿಡಿದಿದ್ದ. ಕ್ವಿಂಟಾಸ್ ತಲೆ ತಗ್ಗಿಸಿ ಮಂಡಿಯ ಪಟ್ಟಿ ಬಿಚ್ಚುತ್ತಿದ್ದ. ಅವನಿಗೆ ಗೊತ್ತಿತ್ತು, ಆದರೆ ಹೇಳುವವನಲ್ಲ. ಈಗ ಅಬೆಲಾರ್ಡೊ ತಾನೇ ಹೇಳಬಹುದಿತ್ತು. ಮೆಸ್ತ್ರೆ, ನಾನು ಅವನನ್ನು ಇಳಿಸಿದ್ದು ಬೀಳಲಿ ಅಂತ. ಬಿದ್ದಾಗ ನಿಮ್ಮ ಮುಖ ನೋಡಲಿಕ್ಕೆ ಅಂತ. ನಾಲ್ಕು ಮಾತು, ಅಷ್ಟೇ. ಅಬೆಲಾರ್ಡೊ ಬಾಯಿ ತೆರೆದ. ಮುದುಕನ ಹಣೆ ಅವನ ಎದೆಗೆ ಒರಗಿತ್ತು, ಎಷ್ಟು ಸಣ್ಣವನಾಗಿಬಿಟ್ಟಿದ್ದ ಈ ಮನುಷ್ಯ. ಕ್ಷಮಿಸು ಎಂಬ ಆ ಮಾತು ಕದ್ದ ಮಾಲು, ತನ್ನದಲ್ಲ ಎಂದು ಗೊತ್ತಿದ್ದೂ ಅದು ಮೈಯೆಲ್ಲ ಇಳಿಯುತ್ತಿತ್ತು, ತಂಪಾಗಿತ್ತು, ಇನ್ನೊಮ್ಮೆ ಹೇಳಲಿ ಎನಿಸುತ್ತಿತ್ತು. ನಾಚಿಕೆಯೆಂದರೆ ಅದೇ. ತೆರೆದ ಬಾಯಿ ಮುಚ್ಚಿಕೊಂಡು ಅವನು ಮುದುಕನ ಬೆನ್ನು ಸವರಿದ.

"ಬಾರೋ ಇಲ್ಲಿ," ಮುದುಕ ಕಣ್ಣೊರೆಸಿಕೊಂಡು ಮೊಮ್ಮಗನನ್ನು ಕರೆದ. "ಮಿಸ್ಟರ್‌ಗೆ ಕೈ ಕೊಡು. ಕಪ್ಪು ಪಣಕ್ಕಿಟ್ಟು ನಿನ್ನ ಇಳಿಸಿದ್ರು. ಸಾಯೋ ತನಕ ಮರೀಬೇಡ."

ನೆಲ್ಮಾರ್ ಬಂದ. ಅವನು ಅತ್ತಿರಲಿಲ್ಲ, ಕಣ್ಣು ಒಣಗಿತ್ತು. ಕೈ ಚಾಚಿದ, ಅಬೆಲಾರ್ಡೊ ಹಿಡಿದ. ಎರಡು ಗಂಟೆ ತಣ್ಣಗಿದ್ದ ಆ ಕೈ ಈಗ ಸುಡುತ್ತಿತ್ತು. ಹುಡುಗ ಬಾಗಿ, ಅಜ್ಜನಿಗೆ ಕೇಳಿಸದಷ್ಟು ಮೆಲ್ಲಗೆ, ಎಂದಿನ ವಿನಯದಲ್ಲೇ ಹೇಳಿದ:

"ಚೆಂಡು ಹೋದಾಗ ನಿಮ್ಮ ಬೆರಳು ಎದ್ದಿದೆಯಾ ಅಂತ ತಿರುಗಿ ನೋಡ್ದೆ ಮಿಸ್ಟರ್. ನಿಮ್ಮ ಮುಖ ಕಾಣಿಸ್ತು."

ಅಬೆಲಾರ್ಡೊ ಕೈ ಬಿಡಿಸಿಕೊಳ್ಳಲು ನೋಡಿದ. ಹುಡುಗ ಬಿಡಲಿಲ್ಲ. ಬೆರಳ ಗೆಣ್ಣುಗಳು ಒಂದರ ಮೇಲೊಂದು ಹತ್ತಿ ನೋಯತೊಡಗಿದವು. ಪತ್ರಿಕೆಯವನು, ಹಾಗೇ ಇರಿ, ಹಾಗೇ ಇರಿ ಎನ್ನುತ್ತ ಫೋಟೋ ತೆಗೆದ.

"ಥ್ಯಾಂಕ್ಸ್ ಮಿಸ್ಟರ್," ಎಂದು ನೆಲ್ಮಾರ್ ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಮುಗುಳ್ನಕ್ಕ. ಅವನಿಗೆ ಹತ್ತೊಂಬತ್ತು ವರ್ಷ. ಕಾಯಲು ಬೇಕಾದಷ್ಟು ಕಾಲವಿತ್ತು.